ಬಿತ್ತನೆಯ ಭತ್ತ ಬೇಯಿಸಿದ ನಂಜಯ್ಯನವರು

ಹಾಸನ ಜಿಲ್ಲೆಯಲ್ಲಿ ಭತ್ತದ ಸಂಶೋಧನೆಯ ಮಾತು ಬಂದಲ್ಲೆಲ್ಲ ಬಾಗೂರು ನಂಜಯ್ಯನವರ ಹೆಸರು ಬರುತ್ತದೆ. ಹೆಸರು ಬಂದ ಕೂಡಲೇ ಹೇಳುವವರ ದನಿ ಸ್ವಲ್ಪ ತಗ್ಗುತ್ತದೆ. ಆ ದನಿಯಲ್ಲಿ ಗೌರವವಿರುತ್ತದೆ, ಜೊತೆಗೆ ಇನ್ನೂ ತೀರದ ಒಂದು ಅನುಮಾನವೂ ಇರುತ್ತದೆ. ಹೊಸ ತಳಿಗಳನ್ನು ಕೊಟ್ಟ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ತಾವೇ ಕೊಟ್ಟ ತಳಿಯನ್ನು, ಜನ ಕೈಚಾಚಿ ಕೇಳುತ್ತಿದ್ದ ಹೊತ್ತಿನಲ್ಲೇ ಅಡ್ಡನಿಂತು ತಡೆದವರು ಇವರೊಬ್ಬರೇ ಇರಬೇಕು. ಮಿಕ್ಕವರು ಇಳುವರಿಯನ್ನು ಅಳೆಯುತ್ತಿದ್ದ ಕಾಲದಲ್ಲಿ ನಂಜಯ್ಯನವರು ಬೇರೊಂದು ಪ್ರಶ್ನೆಯನ್ನು ಹಿಡಿದು ಕೂತಿದ್ದರು. ಒಂದೇ ಮಣ್ಣು, ಒಂದೇ ನೀರು ಸಿಕ್ಕ ಎರಡು ಜಾತಿಯ ಗಿಡಗಳಲ್ಲಿ ಒಂದು ಏಕೆ ಮೇಲುಗೈ ಪಡೆಯುತ್ತದೆ, ಇನ್ನೊಂದು ಏಕೆ ಸೋತು ಬದುವಿಗೆ ಸರಿಯುತ್ತದೆ? ಈ ಪ್ರಶ್ನೆ ಅವರನ್ನು ಬೆಳೆಸಿತು, ಅವರ ನೆಮ್ಮದಿಯನ್ನೂ ತಿಂದಿತು. ನಿವೃತ್ತರನ್ನು ಸನ್ಮಾನಿಸುವ ಗ್ರಂಥದಲ್ಲಿ ಗೆಲುವುಗಳನ್ನು ಸಾಲಾಗಿ ಜೋಡಿಸುವುದು ವಾಡಿಕೆ. ನಂಜಯ್ಯನವರ ವಿಷಯದಲ್ಲಿ ಅವರ ಭಯವನ್ನು ಬಿಟ್ಟು ಬರೆದರೆ ಬರೆದದ್ದೆಲ್ಲ ಅರ್ಧವಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಒಕ್ಕಲು ಮನೆತನ ಅವರದು. ಹಾಸನದಲ್ಲಿ ಹೈಸ್ಕೂಲು ಮುಗಿಸಿ, ಬೆಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿ, ಸರ್ಕಾರದ ಬೇಸಾಯದ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರೂ ಹಿಗ್ಗಲಿಲ್ಲ. ತಂದೆ ಚನ್ನಪ್ಪನವರು, "ಅಷ್ಟೆಲ್ಲ ಓದ್ಕಂಡು ಗದ್ದೆ ಕೆಲ್ಸಕ್ಕೇ ಓಗದಾದ್ರೆ ಓದಿದ್ಯಾಕ್ಲಾ? ಗದ್ದೆ ಇಲ್ಲೇ ಇತ್ತಲ್ಲ" ಎಂದರಂತೆ.

ಮೊದಲ ಹಲವು ವರ್ಷಗಳನ್ನು ಅವರು ಅರಕಲಗೂಡಿನಲ್ಲಿ ಕಳೆದರು. ಅಲ್ಲಿ ಅವರ ಕೈಕೆಳಗೆ ದುಡಿದವರು ಇಂದಿಗೂ ಹೇಳುವ ಮಾತುಗಳಿವೆ. ನೀರು ಕಟ್ಟುವ ಸಣ್ಣಯ್ಯ ಜ್ವರ ಬಂದು ಮಲಗಿದಾಗ ನಂಜಯ್ಯನವರು ಪಂಚೆ ಎತ್ತಿಕಟ್ಟಿ, ಸನಿಕೆ ಹಿಡಿದು, ಅವನ ಪಾಳಿಯನ್ನು ತಾವೇ ಮಾಡಿ, ಹಾಜರಿಯಲ್ಲಿ ಅವನ ಹೆಸರನ್ನೇ ಹಾಕಿದರು. ಹೊಸದಾಗಿ ಸೇರಿದ ಹುಡುಗರು ಯಾವುದಾದರೂ ಗಿಡವನ್ನು ಕೆಲಸಕ್ಕೆ ಬಾರದ್ದು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಯಾರ ಕೆಲಸಕ್ಕೆ ಬಾರದ್ದು ಅಂತ ಸರಿಯಾಗಿ ಹೇಳಿ" ಎನ್ನುತ್ತಿದ್ದರು. ಸಂಗೀತವೆಂದರೆ ಪ್ರಾಣ. ಆದರೆ ಒಮ್ಮೆ ರುದ್ರಪಟ್ಟಣದ ಒಂದು ಮನೆಯಲ್ಲಿ ನಡೆದ ಕಛೇರಿಯಲ್ಲಿ ರಾಗ ಕಾವೇರುತ್ತಿದ್ದಾಗಲೇ ಎದ್ದುಬಿಟ್ಟರು. ಹೊರಗೆ ಗಾಳಿ ಎದ್ದಿತ್ತು. ಸಂಕರಕ್ಕೆಂದು ತೆನೆಗಳಿಗೆ ಕಟ್ಟಿದ ಕಾಗದದ ಚೀಲಗಳು ಹಾರಿಹೋದಾವೆಂದು ಅವರಿಗೆ ಒಳಗೊಳಗೇ ಅಳುಕು. ಹಾಡುತ್ತಿದ್ದ ವಿದ್ವಾಂಸರು ಆಮೇಲೆ ನೊಂದುಕೊಂಡರೆಂದು ತಿಳಿದಾಗ, ಮತ್ತೊಂದು ದಿನ ಹೋಗಿ ಕ್ಷಮೆ ಕೇಳಿ ಬಂದರು. ಚೀಲಗಳು ಹಾರಿರಲಿಲ್ಲ.

ಐವತ್ತರ ದಶಕದ ಆರಂಭದಲ್ಲಿ ಅವರನ್ನು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಹತ್ತಿರದ ಒಂದು ಸಣ್ಣ ಪ್ರಯೋಗ ತಾಕಿಗೆ ಹಾಕಿದರು. ಸುತ್ತಲಿನ ನಾಲೆಯ ಗದ್ದೆಗಳಲ್ಲಿ ಆಗ ಒಂದೇ ಗೋಳು, ಕಾಡುಭತ್ತ. ಇದು ಹುಲ್ಲಲ್ಲ, ಭತ್ತದ ದಾಯಾದಿ. ಸಸಿಯಿದ್ದಾಗ ಎಲೆ, ಗರಿ, ಎತ್ತರ ಯಾವುದರಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ಬೀಜ ಚೆಲ್ಲಿ ಬೆಳೆಯುವ ಗದ್ದೆಯಲ್ಲಂತೂ ಪೈರಿನ ನಡುವೆ ನಿಂತು ಪೈರಿನ ಗೊಬ್ಬರವನ್ನೇ ಉಂಡು, ಪೈರಿಗಿಂತ ಮುಂಚೆ ತೆನೆ ಬಿಟ್ಟು, ಉದ್ದ ಮೀಸೆಯ ಕಾಳುಗಳನ್ನು ಕೊಯ್ಲಿಗೆ ಮೊದಲೇ ಕೆಸರಿಗೆ ಉದುರಿಸಿ ಮುಗಿಸಿಬಿಡುತ್ತದೆ. ಮೀಸೆ ಕಂಡಾಗ ಕಳೆಯೆಂದು ತಿಳಿಯುತ್ತದೆ. ಆದರೆ ಆ ಹೊತ್ತಿಗೆ ಕೀಳಲು ಹೋದರೆ ಇನ್ನಷ್ಟು ಉದುರುತ್ತದೆ.

ನಂಜಯ್ಯನವರಿಗೆ ಹೊಳೆದ ಉಪಾಯ ಸರಳವಾಗಿತ್ತು. ಕಳೆಗೆ ಗುರುತು ಹಚ್ಚಲಾಗದಿದ್ದರೆ ಪೈರಿಗೇ ಗುರುತು ಹಚ್ಚಬೇಕು. ಎಲೆ ನೇರಳೆ ಬಣ್ಣವಿರುವ ಒಂದು ತೆಳುಕಾಳಿನ ಭತ್ತವನ್ನು ಹೊರಗಿನಿಂದ ತರಿಸಿ, ಊರಿನ ತಳಿಯೊಂದಿಗೆ ಸಂಕರ ಮಾಡಿ, ವರ್ಷವರ್ಷವೂ ಆರಿಸಿ ಆರಿಸಿ, ಊರಿನ ಕಾಳು, ನೇರಳೆಯ ಎಲೆ ಎರಡೂ ನಿಲ್ಲುವಂತೆ ಮಾಡಿದರು. ಅದನ್ನು ಬಿತ್ತಿದರೆ ಗದ್ದೆಯಲ್ಲಿ ಹಸಿರಾಗಿ ಎದ್ದದ್ದೆಲ್ಲ ಕಳೆ. ಕಣ್ಣಿಗೆ ಕಂಡದ್ದನ್ನು ಕಿತ್ತರಾಯಿತು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಆ ಬೀಜವನ್ನು ಮೊದಲು ನೆಚ್ಚಿ ಬಿತ್ತಿದವರು ಊರಿನ ದೊಡ್ಡ ಹಿಡುವಳಿದಾರರಾದ ಕೆಂಪಣ್ಣನವರು. ಅವರ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರ ಗುಂಪಿಗೆ ಮುಂದಾಳು ಬೆಟ್ಟಮ್ಮ. ಮೊದಲ ದಿನ ಗದ್ದೆಗಿಳಿದ ಬೆಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, "ಇದೇನ್ ಸಾ, ಪೈರ್ಗೆಲ್ಲ ಎಲೆಅಡ್ಕೆ ಆಕ್ಸಿದ್ದೀರಾ?" ಎಂದಳು. ಹೆಂಗಸರೆಲ್ಲ ನಕ್ಕರು. "ನಗ್ಬ್ಯಾಡ್ರೇ, ಸಾಹೇಬ್ರ ಭತ್ತ ಮದ್ವೆಗ್ ಒಂಟದೆ" ಎಂದು ಇನ್ನೊಬ್ಬಳು ಸೇರಿಸಿದಳು. ಆದರೆ ಸಂಜೆಯ ಹೊತ್ತಿಗೆ ಬೆಟ್ಟಮ್ಮನೇ ಬಂದು, "ಇಂಗಾದ್ರೆ ಕಣ್ ಮಂಜಾದೋರೂ ಕಳೆ ಕೀಳ್ಬೌದು ಕಣ್ ಸಾ" ಎಂದಳು. ಆ ಮಾತು ನಂಜಯ್ಯನವರಿಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಹೋಗಿ ಹೆಂಡತಿ ಅನಸೂಯಮ್ಮನವರಿಗೆ ಎರಡು ಸಲ ಹೇಳಿದರು.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆ ನಾಲೆಯ ಒಕ್ಕಲುಗಳಲ್ಲಿ ಒಂದು ನಡವಳಿಕೆಯಿದೆ. ಗದ್ದೆಗೆ ನೀರು ಒಳಬರುವ ಬಾಯಿಯ ಪಕ್ಕದಲ್ಲಿ ಒಂದು ಮೂಲೆಯನ್ನು ಗಂಗಮ್ಮನಿಗೆಂದು ಬಿಡುತ್ತಾರೆ. ಅಲ್ಲಿ ಬೆಳೆದದ್ದನ್ನು ಯಾರೂ ಕೀಳುವುದಿಲ್ಲ, ಕುಡುಗೋಲು ತಾಗಿಸುವುದಿಲ್ಲ. ಗಂಗಮ್ಮನಿಗೆ ಕೊಟ್ಟ ಮೂಲೆಯಲ್ಲಿ ಕಳೆ ಯಾವುದು ಬೆಳೆ ಯಾವುದು ಎಂದು ಎಣಿಸುವುದು ನಮ್ಮ ಕೆಲಸವಲ್ಲ ಎಂಬ ಭಾವನೆ. ಬೀಜ ಕೊಟ್ಟ ದಿನ ಕೆಂಪಣ್ಣನವರು, "ಮೂಲೆ ಕೀಳ್ಬೇಕಾ ಸಾ?" ಎಂದು ಅಂಜುತ್ತಲೇ ಕೇಳಿದ್ದರು. ನಂಜಯ್ಯನವರು ಯೋಚಿಸಿದರು. ಭತ್ತ ತನ್ನ ಹೂವಿನೊಳಗೇ ತಾನು ಫಲಿಸುವ ಬೆಳೆ. ಪಕ್ಕದ ಗಿಡದ ಪರಾಗ ತಗಲುವುದು ಅಪರೂಪಕ್ಕೊಮ್ಮೆ. ಅಂಗೈಯಗಲದ ಒಂದು ಮೂಲೆಗಾಗಿ ಒಂದು ಊರಿನ ಮನಸ್ಸನ್ನು ಏಕೆ ಕಲಕಬೇಕು? "ಇರ್ಲಿ ಬಿಡಿ ಕೆಂಪಣ್ಣ, ಅದ್ರಿಂದ ಏನೂ ಆಗಲ್ಲ" ಎಂದರು.

ನಾಲ್ಕು ಬೆಳೆ ಚಿನ್ನದಂತೆ ಬಂದವು. ಹಳೇಕೋಟೆ ಹೋಬಳಿಯ ಹಲವು ಗದ್ದೆಗಳು ನೇರಳೆಯಾದವು. ದೂರದಿಂದ ನೋಡಿದರೆ ಮೋಡದ ನೆರಳು ಬಿದ್ದಂತೆ ಕಾಣುತ್ತಿತ್ತು. ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಿಗೂ ಬೀಜ ಹಂಚುವುದೆಂದು ಮೇಲಿನವರು ತೀರ್ಮಾನಿಸಿದರು. ಹಿಂದಿನ ಬೆಳೆಯ ಬೀಜದ ಮೂಟೆಗಳು ತಾಕಿನ ಗೋದಾಮಿನಲ್ಲಿ ಸಾಲಾಗಿ ನಿಂತವು. ಅರವತ್ತೆರಡರ ಬೆಳೆ ಮಾಗುವ ಹೊತ್ತಿಗೆ ಕೆಂಪಣ್ಣನವರ ಗದ್ದೆಯಲ್ಲೇ ಮೂರು ತಾಲ್ಲೂಕಿನ ರೈತರನ್ನು ಕರೆದು ಪ್ರಾತ್ಯಕ್ಷಿಕೆ ಏರ್ಪಾಡಾಯಿತು. ಅದಾದ ಮೇಲೆ ನಂಜಯ್ಯನವರಿಗೆ ಬಡ್ತಿಯೆಂದು ಎಲ್ಲರೂ ಬಲ್ಲರು.

ಪ್ರಾತ್ಯಕ್ಷಿಕೆಯ ಹಿಂದಿನ ವಾರ ಅವರು ಒಬ್ಬರೇ ಆ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದರು. ನೇರಳೆ ಎಲೆಗಳ ನಡುವೆ ಒಂದು ತೆನೆ ಮಿಕ್ಕವಕ್ಕಿಂತ ಮುಂಚೆ ಬಲಿತಂತೆ ಕಂಡಿತು. ಬೇಗ ಬರುವ ಗುಣವೇನಾದರೂ ಸಿಕ್ಕಿತೇ ಎಂಬ ಆಸೆಯಿಂದ ಬಗ್ಗಿ, ಅಂಗೈಯನ್ನು ತೆನೆಯ ಕೆಳಗೆ ಹಿಡಿದರು. ಮುಟ್ಟಿದ್ದೇ ತಡ, ಕಾಳುಗಳು ಅಂಗೈಗೆ ಉದುರಿದವು. ಪ್ರತಿ ಕಾಳಿಗೂ ಉದ್ದನೆಯ ಮೀಸೆ. ಎಲೆ ನೋಡಿದರು, ಅಪ್ಪಟ ನೇರಳೆ.

ಅವರು ಅಲ್ಲಿಯೇ ಕೆಸರಿನಲ್ಲಿ ಕೂತುಬಿಟ್ಟರು. ನಡೆದದ್ದೇನೆಂದು ತಿಳಿಯಲು ಪುಸ್ತಕ ತೆರೆಯಬೇಕಾಗಿರಲಿಲ್ಲ. ಗಂಗಮ್ಮನ ಮೂಲೆಯಲ್ಲಿ ಕಾಡುಭತ್ತ ನಿಶ್ಚಿಂತೆಯಿಂದ ಹೂಬಿಟ್ಟಿತ್ತು. ಪಕ್ಕದ ನೇರಳೆ ಪೈರಿನ ಪರಾಗ ಅಪರೂಪಕ್ಕೊಮ್ಮೆ ಅದಕ್ಕೆ ತಗಲಿತ್ತು. ನೇರಳೆ ಹಸಿರನ್ನು ಮುಚ್ಚುವ ಪ್ರಬಲ ಗುಣ, ಆದ್ದರಿಂದ ಹುಟ್ಟಿದ ಮರಿಗಳೂ ನೇರಳೆ. ಆ ಕಾಳು ನೀರಿನ ಬಾಯಲ್ಲೇ ಉದುರಿ, ನೀರಿನೊಂದಿಗೆ ಗದ್ದೆಯೆಲ್ಲ ಹರಡಿತ್ತು. ಅಪರೂಪವೆಂದು ಅವರು ನಂಬಿದ್ದು ಸುಳ್ಳಾಗಿರಲಿಲ್ಲ. ಅವರು ಮರೆತದ್ದು ಹೆಂಗಸರ ಕೈಗಳನ್ನು. ವರ್ಷವರ್ಷವೂ ಆ ಕೈಗಳು ಹಸಿರು ಕಾಡುಭತ್ತವನ್ನೆಲ್ಲ ಒಂದೂ ಬಿಡದೆ ಕಿತ್ತು, ನೇರಳೆ ಕಾಡುಭತ್ತಕ್ಕೆ ಜಾಗ ಮಾಡಿಕೊಟ್ಟಿದ್ದವು. ಬಣ್ಣ ಬಂದ ಮೇಲೆ ಮೀಸೆ ನೋಡುವ ರೂಢಿಯೂ ತಪ್ಪಿತ್ತು. ಕಳೆಯನ್ನು ಗುರುತಿಸಲೆಂದು ಅವರು ಪೈರಿಗೆ ತೊಡಿಸಿದ ಅಂಗಿಯನ್ನು ಕಳೆಯೇ ತೊಟ್ಟುಕೊಂಡು ನಿಂತಿತ್ತು.

ಆಮೇಲಿನ ದಿನಗಳಲ್ಲಿ ಅವರು ನೇರಳೆ ಭತ್ತ ಬೆಳೆದ ಗದ್ದೆಗಳನ್ನೆಲ್ಲ ಸುತ್ತಿದರು. ತೆನೆಯ ಕೆಳಗೆ ಅಂಗೈ ಹಿಡಿಯುವುದು, ಮುಟ್ಟುವುದು, ಮುಂದೆ ಸರಿಯುವುದು. ಸಾಹೇಬರು ಪೈರಿಗೆ ಮಂತ್ರ ಹಾಕುತ್ತಿದ್ದಾರೆಂದು ಊರಿನಲ್ಲಿ ತಮಾಷೆ ಹುಟ್ಟಿತು. ಕೆಲವು ಗದ್ದೆಗಳಲ್ಲಿ ಏನೂ ಉದುರಲಿಲ್ಲ, ಕೆಲವುಗಳಲ್ಲಿ ಉದುರಿತು. ಉದುರದ ಗದ್ದೆಯಲ್ಲೂ ಅವರಿಗೆ ಸಮಾಧಾನವಿರಲಿಲ್ಲ. ಮುಟ್ಟದೆ ಬಿಟ್ಟ ತೆನೆಯೇ ಅದಾಗಿದ್ದರೆ?

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. "ಯಾಕ್ರೀ, ಸಾರು ಕೆಟ್ಟದಾ?" ಎಂದು ಅನಸೂಯಮ್ಮನವರು ಕೇಳಿದರು.

"ಸಾರು ಚೆನ್ನಾಗದೆ."

"ಮತ್ತೆ ತಟ್ಟೆಗ್ಯಾಕೆ ಅಂಗೈ ಅಡ್ಡ ಹಿಡಿದು ಕೂತಿದ್ದೀರಿ?"

ಅವರು ಕೈ ತೆಗೆದು ನೋಡಿಕೊಂಡರು. ಹಾಗೆ ಹಿಡಿದಿದ್ದು ಅವರಿಗೇ ಗೊತ್ತಿರಲಿಲ್ಲ.

ಹಾಸನಕ್ಕೆ ಬಸ್ಸು ಹತ್ತಿ ಮೇಲಧಿಕಾರಿಗಳನ್ನು ಕಂಡರು. ಆ ಅಧಿಕಾರಿ ಕೆಟ್ಟವರಲ್ಲ, ನಂಜಯ್ಯನವರ ಬಡ್ತಿಗೆ ಶಿಫಾರಸು ಮಾಡಿದ್ದವರೇ. ಎಲ್ಲವನ್ನೂ ಕೇಳಿ, "ನಾಲ್ಕು ಗಿಡ ಕಂಡ್ರೆ ಎರಡು ತಾಲ್ಲೂಕಿನ ಕೆಲಸ ನಿಲ್ಸೋಕಾಗುತ್ತಾ ನಂಜಯ್ಯ?" ಎಂದರು.

"ಈಗ ನಾಲ್ಕು ಸಾರ್."

"ಮೂಟೆಯಲ್ಲಿರೋ ಬೀಜದಲ್ಲಿ ಅದು ಇದೆಯಾ?"

ಇದೇ ಅವರನ್ನು ಕಾಡುತ್ತಿದ್ದ ಪ್ರಶ್ನೆ. ಕೊಯ್ಲಿಗೆ ಮುಂಚೆ ಉದುರುವ ಕಾಳು ಒಕ್ಕಣೆಗೆ ಬರುವುದಿಲ್ಲ. ಮೂಟೆ ಬಹುಪಾಲು ಶುದ್ಧವಾಗಿಯೇ ಇದ್ದೀತು. ಹಾಗೆಂದು ಹೇಳಿ ಎದ್ದು ಬರಬಹುದಾಗಿತ್ತು. ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. "ಹೆಚ್ಚು ಇರ್ಲಾರದು. ಆದ್ರೆ ಆ ಬೀಜ ಎಲ್ಲಿಗೆ ಹೋದ್ರೂ ಅಲ್ಲಿ ಕಾಡುಭತ್ತ ಕಾದಿರುತ್ತೆ. ನಾಲ್ಕೈದು ವರ್ಷಕ್ಕೆ ಅಲ್ಲೂ ಹೀಗೇ ಆಗುತ್ತೆ. ಆಮೇಲೆ ಅದನ್ನ ಯಾರ ಕಣ್ಣೂ ಬೇರೆ ಮಾಡಲಾರದು" ಎಂದರು.

"ನಾಲ್ಕೈದು ವರ್ಷ ಜನ ಉಣ್ಲಿ. ಅಷ್ಟರೊಳಗೆ ನೀವು ಬೇರೆ ಏನಾದ್ರೂ ಕಂಡುಹಿಡೀರಿ. ಪ್ರಾತ್ಯಕ್ಷಿಕೆ ದಿನ ಮಾತ್ರ ಈ ಮಾತು ಬೇಡ." ಅಧಿಕಾರಿಗಳು ಕಾಫಿ ತರಿಸಿದರು. ನಂಜಯ್ಯನವರು ಕುಡಿದರು, ರುಚಿ ತಿಳಿಯಲಿಲ್ಲ.

ಊರಿಗೆ ಮರಳಿದವರು ಮೊದಲು ಹೇಳಿದ್ದು ಬೆಟ್ಟಮ್ಮನಿಗೆ. ಅವಳನ್ನು ಗದ್ದೆಗೆ ಕರೆದೊಯ್ದು ತೆನೆ ಮುಟ್ಟಿಸಿದರು. ಬೆಟ್ಟಮ್ಮ ಉದುರಿದ ಕಾಳನ್ನು ನೋಡಿದಳು, ಎಲೆ ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಅಸ್ರು ಕೀಳು ಅಂದ್ರಿ, ಕಿತ್ವಿ. ಈಗ ನಮ್ ಕೈಯಿಂದ್ಲೇ ಕೆಟ್ತು ಅಂತೀರಾ?"

"ನಿಮ್ಮ ಕೈಯಲ್ಲಿ ತಪ್ಪಿಲ್ಲ ಕಣವ್ವ. ಅರೆಬರೆ ಕಿತ್ತಿದ್ರೆ ಇದು ಇಷ್ಟು ಬೇಗ ಏಳ್ತಿರ್ಲಿಲ್ಲ. ಲೆಕ್ಕ ತಪ್ಪಿದ್ದು ನಂದು."

ಬೆಟ್ಟಮ್ಮ ಕೈಯಲ್ಲಿದ್ದ ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ಮಂದಿ ಮುಂದ್ಲೂ ಇದ್ನೇ ಯೋಳ್ತೀರಾ?" ಎಂದಳು.

"ಹೇಳ್ತೀನಿ" ಎಂದರು. ಹೇಳುವ ಧೈರ್ಯ ತಮಗಿದೆಯೆಂದು ಅವರಿಗೆ ಆಗಲೂ ಖಾತ್ರಿಯಿರಲಿಲ್ಲ.

ಪ್ರಾತ್ಯಕ್ಷಿಕೆಯ ದಿನ ಚಪ್ಪರ ಹಾಕಿದ್ದರು. ಅಧಿಕಾರಿಗಳು ನೇರಳೆ ಭತ್ತವನ್ನು ಹೊಗಳಿ ಮಾತಾಡಿ, ನಂಜಯ್ಯನವರನ್ನು ಎರಡು ಮಾತಾಡುವಂತೆ ಕರೆದರು. ನಂಜಯ್ಯನವರು ಎದ್ದು ನಿಂತರು. ಜನ ಕಾದರು. ಆಗ ಅವರು ಚಪ್ಪಲಿ ಕಳಚಿ, ನೇರವಾಗಿ ಗದ್ದೆಗಿಳಿದರು. ಹಿಂದೆಯೇ ಬೆಟ್ಟಮ್ಮ ಇಳಿದಳು. ಇಬ್ಬರೂ ಅಲ್ಲಲ್ಲಿ ನೇರಳೆ ತೆನೆಗಳಿಗೆ ಅಂಗೈ ಒಡ್ಡಿ, ಉದುರಿದ್ದನ್ನು ತಂದು ಮುಂದಿನ ಸಾಲಿನ ರೈತರ ಕೈಗೆ ಹಾಕಿದರು. "ಇದು ಕಳೆ. ನನ್ನ ಬಣ್ಣ ಹೊತ್ತಿರೋ ಕಳೆ. ಈ ಬೀಜ ಯಾರೂ ತಗೋಬೇಡಿ" ಎಂದರು. ಅವರ ಭಾಷಣ ಅಷ್ಟೇ.

ಅಧಿಕಾರಿಗಳು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿಕೊಂಡರು. ಇದು ಹುಟ್ಟಿದ್ದೆಲ್ಲಿಂದ ಎಂದು ಯಾರೋ ಕೇಳಿದರು. ನಂಜಯ್ಯನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಕೂಡಲೇ ಗುಂಪಿನಿಂದ, "ಅಂಗಾದ್ರೆ ಮೊದ್ಲು ಆ ಮೂಲೆ ಕಿತ್ತಾಕಿ" ಎಂಬ ದನಿ ಬಂತು.

ಕೆಂಪಣ್ಣನವರು ಎದ್ದರು. "ಯಾವನ್ಲಾ ಅವ್ನು? ಗಂಗಮ್ಮನ್ ಮೂಲೆಗ್ ಕೈ ಆಕ್ತೀನಿ ಅನ್ನೋನು ಮುಂದುಕ್ ಬಾ, ಮಕ ನೋಡನ."

"ಕೆಂಪಣ್ಣ, ಕೂತ್ಕಳಿ" ಎಂದರು ನಂಜಯ್ಯನವರು. "ಮೂಲೆ ಕೀಳ್ಬೇಕಾ ಅಂತ ನೀವು ಕೇಳಿದ್ರಿ. ಬೇಡ ಅಂದೋನು ನಾನು. ಮೂಲೆ ನಿಮ್ಮ ಅಪ್ಪನ ಕಾಲದಿಂದ ಇತ್ತು, ಯಾರಿಗೂ ಏನೂ ಮಾಡಿರ್ಲಿಲ್ಲ. ಅದರ ಪಕ್ಕಕ್ಕೆ ನನ್ನ ಭತ್ತ ತಂದಿಟ್ಟೋನೂ ನಾನೇ."

ಕೆಂಪಣ್ಣನವರು ಕೂತರು. ಆದರೆ ನಂಜಯ್ಯನವರ ಭಯ ನಿಜವಾಗಿ ಶುರುವಾದದ್ದು ಆಮೇಲೆ. ಅರಕಲಗೂಡಿನ ಕಡೆಯ ಗುಂಡಯ್ಯ ಎಂಬ ರೈತರು ಹತ್ತಿರ ಬಂದು, ಮೆಲ್ಲಗೆ, "ಆಗಿದ್ದಾಯ್ತು ಬುಡಿ ಸಾ. ನಂಗೊಂದ್ ಮೂಟೆ ಕೊಡಿ. ಮೂರ್ ಬೆಳೆ ಚಂದಾಗ್ ಬತ್ತದಲ್ಲ, ಆಮ್ಯಾಕೆ ನೋಡ್ಕಂಡ್ರಾಯ್ತು" ಎಂದರು. ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು. ಬಾಗೂರಿನಿಂದ ಬಂದ ನಂಜಯ್ಯನವರ ನಂಟರೊಬ್ಬರೂ ಅಲ್ಲಿದ್ದರು. ಮಾತಿನಿಂದ ತಡೆದದ್ದು ಮಾತಿನಲ್ಲಷ್ಟೇ ನಿಲ್ಲುತ್ತದೆಂದು ನಂಜಯ್ಯನವರಿಗೆ ಆಗ ಹೊಳೆಯಿತು. ಗೋದಾಮಿನಲ್ಲಿ ಮೂಟೆಗಳಿರುವವರೆಗೆ ಯಾವುದೋ ಒಂದು ಗಾಡಿಯಲ್ಲಿ, ಯಾರದೋ ಒಳ್ಳೆಯ ಮನಸ್ಸಿನಿಂದ, ಆ ಬೀಜ ಹೊಳೆ ದಾಟಿಯೇ ದಾಟುತ್ತದೆ.

ಹೊರಟು ನಿಂತ ಅಧಿಕಾರಿಗಳನ್ನು ಅವರು ಜೀಪಿನ ಹತ್ತಿರ ತಡೆದು, ಬೀಜವನ್ನು ಅಕ್ಕಿ ಮಾಡಿಸಲು ಒಪ್ಪಿಗೆ ಕೇಳಿದರು. "ನಿಮ್ಮ ತಾಕು, ನಿಮ್ಮ ಜವಾಬ್ದಾರಿ. ಬಡ್ತಿ ಮಾತು ಇನ್ನು ನನ್ನ ಹತ್ರ ಎತ್ತಬೇಡಿ" ಎಂದು ಹೇಳಿ ಅವರು ಹೋದರು.

ಮರುದಿನ ಬೆಳಿಗ್ಗೆ ತಾಕಿನ ಅಂಗಳದಲ್ಲಿ ಕಲ್ಲು ಹೂಡಿ ತಾಮ್ರದ ಹಂಡೆಗಳನ್ನಿಟ್ಟರು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದರೆ ಕುಸುಬಲಕ್ಕಿ. ಬೆಂದ ಕಾಳು ಎಲ್ಲಿ ಬಿದ್ದರೂ ಮೊಳೆಯುವುದಿಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಬಿತ್ತನೆಗೆಂದು ಆರಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟ ಭತ್ತವನ್ನು ಹಂಡೆಗೆ ಸುರಿದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ದೂರ ನಿಂತರು. ಬೆಟ್ಟಮ್ಮ ನೀರು ತುಂಬಿಸಿ, ಸೌದೆ ಜೋಡಿಸಿ, ಅಲ್ಲಿಗೆ ನಿಲ್ಲಿಸಿದಳು.

"ಬೀಜ ಬೇಯ್ಸೋ ಒಲೆ ನಾ ಅಚ್ಚಾಕಿಲ್ಲ ಸಾ. ಮೊಮ್ಮಕ್ಳು ಅವೆ ನಂಗೆ. ನೀವೇ ಅಚ್ಚಿ."

ನಂಜಯ್ಯನವರು ಕಡ್ಡಿ ಗೀರಿದರು. ಮೊದಲ ಕಡ್ಡಿ ಆರಿತು. ಎರಡನೆಯದು ಹತ್ತಿಕೊಂಡಿತು. ಹತ್ತು ವರ್ಷ ಬಗ್ಗಿ ಬಗ್ಗಿ ಆರಿಸಿದ ಕಾಳು ಹಂಡೆಯಲ್ಲಿ ಕುದಿಯತೊಡಗಿದಾಗ ಬೆಂದ ಭತ್ತದ ವಾಸನೆ ಅಂಗಳವನ್ನೆಲ್ಲ ತುಂಬಿತು. ಎಲ್ಲ ಮೂಟೆಗಳೂ ಮುಗಿಯುವವರೆಗೆ, ಕೆಲವು ದಿನ, ಅವರು ಹಂಡೆಯ ಪಕ್ಕ ಬಿಟ್ಟು ಕದಲಲಿಲ್ಲ. ಪ್ರತಿ ಹಂಡೆಯಿಂದಲೂ ಒಂದು ಹಿಡಿ ತೆಗೆದು, ಹಿಸುಕಿ, ಬೆಂದಿದೆಯೇ ಎಂದು ನೋಡುತ್ತಿದ್ದರು. ಖಾಲಿ ಚೀಲಗಳನ್ನು ಒಳಹೊರಗು ಮಾಡಿ ಕೊಡವಿ, ಸಂದಿಯಲ್ಲಿ ಸಿಕ್ಕ ಕಾಳನ್ನೂ ಬಿಡದೆ ಹಂಡೆಗೆ ಹಾಕಿದರು. ಆ ಅಕ್ಕಿಯನ್ನು ಹೊಳೆನರಸೀಪುರದ ಒಂದು ವಿದ್ಯಾರ್ಥಿನಿಲಯದ ಮಕ್ಕಳು ಉಂಡರು. ಚೆನ್ನಾಗಿತ್ತಂತೆ.

ಬಡ್ತಿ ಬರಲಿಲ್ಲ. ಸೇರಿದ ಮೇಲೆ ಸಿಕ್ಕ ಒಂದೇ ಒಂದು ಮೆಟ್ಟಿಲಿನಲ್ಲಿ ನಿಂತೇ ಅವರು ಈಗ ನಿವೃತ್ತರಾಗಿದ್ದಾರೆ. ಮಧ್ಯದ ಈ ಆರು ವರ್ಷಗಳಲ್ಲಿ ಅವರು ಕೆಡುಕು ತಗಲಿದ ಗದ್ದೆಗಳಲ್ಲಿ ಒಂದು ವರ್ಷ ಹಸಿರು ಭತ್ತ ಹಾಕಿಸಿ ನೇರಳೆಯನ್ನು ಕೀಳಿಸಿದರು, ಚೆಲ್ಲುವುದನ್ನು ಬಿಡಿಸಿ ಸಾಲು ನಾಟಿ ಮಾಡಿಸಿದರು. ಕೆಂಪಣ್ಣನವರು ಒಂದು ಬೆಳಿಗ್ಗೆ ತಾವಾಗಿಯೇ ಪೂಜೆ ಮಾಡಿ, ಗಂಗಮ್ಮನಿಗೆ ನೀರಿನ ಬಾಯಿಯ ಬದಲು ಬದುವಿನ ಮೇಲೊಂದು ಜಾಗ ಗೊತ್ತುಮಾಡಿಕೊಟ್ಟರು. ಯಾರೂ ಅವರನ್ನು ಕೇಳಿರಲಿಲ್ಲ. ಬೆಟ್ಟಮ್ಮನ ಗುಂಪು ಈಗ ಬಣ್ಣವನ್ನೂ ನೋಡುತ್ತದೆ, ಮೀಸೆಯನ್ನೂ ನೋಡುತ್ತದೆ.

ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ನೇರಳೆ ಕಾಡುಭತ್ತವೆಂದರೆ ಏನೆಂದು ಇಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಂಜಯ್ಯನವರಿಗೆ ಅಲ್ಲಿ ಯಾರೂ ಹಾರ ಹಾಕುವುದಿಲ್ಲ. ಬಾರದೆ ಹೋದ ಕೇಡನ್ನು ನೆನೆಯುವುದು ಮನುಷ್ಯನಿಗೆ ಕಷ್ಟ. ಈ ಗ್ರಂಥ ಆ ಕಷ್ಟದ ಕೆಲಸಕ್ಕೆ ಮಾಡಿದ ಒಂದು ಸಣ್ಣ ಪ್ರಯತ್ನವೆಂದು ಅವರು ಒಪ್ಪಿಸಿಕೊಳ್ಳಬೇಕು.

ಕಾಡುಭತ್ತದ ಕಾಳು ಕೆಸರಿನಲ್ಲಿ ಎಷ್ಟೋ ವರ್ಷ ಉಸಿರು ಬಿಗಿಹಿಡಿದು ಮಲಗಿರಬಲ್ಲದು ಎನ್ನುತ್ತಾರೆ ನಂಜಯ್ಯನವರು. ನಿವೃತ್ತಿಯ ಆದೇಶ ಕೈಸೇರಿದ ಮೇಲೂ, ಮೊನ್ನೆ ತಾನೇ, ಅವರು ಕೆಂಪಣ್ಣನವರ ಗದ್ದೆಯಲ್ಲಿ ಬಗ್ಗಿ ನಿಂತಿದ್ದನ್ನು ಕಂಡವರಿದ್ದಾರೆ. ಅವರಿಗೂ ಅನಸೂಯಮ್ಮನವರಿಗೂ ದೇವರು ದೀರ್ಘಾಯುಷ್ಯ ಕೊಡಲಿ, ಕಣ್ಣಿಗೆ ಮಂಜು ಬಾರದಿರಲಿ, ಸೊಂಟ ಬಾಗುವ ಶಕ್ತಿ ಉಳಿಯಲಿ. ಆ ಕೆಸರಿನಲ್ಲಿ ಮಲಗಿರುವ ಕೊನೆಯ ನೇರಳೆ ಕಾಳು ಮೊಳೆತು ಏಳುವ ದಿನದವರೆಗೂ ಅವರು ನಮ್ಮೊಂದಿಗಿರಲಿ. ಅಂದು ಅದನ್ನು ಬೇರುಸಹಿತ ಕಿತ್ತು, ಬದುವಿನ ಮೇಲೆ ಕೂತು, ಅವರು ನೆಮ್ಮದಿಯಾಗಿ ಒಂದು ಹೊತ್ತು ಉಣ್ಣಲಿ.